ಗುರಿ ಮುಟ್ಟಿದ ಸಂಘ, ಮುಟ್ಟದ ಗಡಿ: ತಿಕೋಂಡಿಯಿಂದ ಒಂದು ಓದು

ಧ್ವನಿ ಕೇಳ್ತದಲ್ಲ? ಸರಿ. ಹೋದ ವಾರ ನಾವು ಓದಿದ ಲೇಖನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬಂತು: ಸ್ವಯಂಸೇವಕರ ಬೆನ್ನಿಗೆ ನಿಲ್ಲುವ ಸಂಸ್ಥೆ ಕಾಲಕಾಲಕ್ಕೆ ತನ್ನ ಉದ್ದೇಶವನ್ನು ನವೀಕರಿಸಿಕೊಳ್ಳಬೇಕು. ಈ ಮಾತಿನ ಬಗ್ಗೆ ನನಗೆ ತಕರಾರಿದೆ. ನವೀಕರಣ ಅಂದ ಕೂಡಲೇ ನಾವು ಹೊಸ ಗುರಿ ಹುಡುಕೋಕೆ ಹೊರಡ್ತೀವಿ. ಹಳೆಯ ಗುರಿ ಎಲ್ಲಿ ಇನ್ನೂ ಬಾಕಿ ಉಳಿದಿದೆ ಅಂತ ಯಾರೂ ಕೇಳೋದಿಲ್ಲ. ಇದನ್ನು ಜತ್ತ ತಾಲೂಕಿನ ತಿಕೋಂಡಿ ಕಡೆಯಿಂದ ನಿಂತು ನೋಡ್ತೀನಿ.

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರ ಜುಲೈ 20ರಂದು, ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ. ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿ, ಶಾಲೆ ಎರಡರಲ್ಲೂ ಮರಾಠಿಯ ಭಾರ. ಅದಕ್ಕೂ ಮೊದಲು ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯೊಳಗೇ ಇದ್ದು ಕನ್ನಡ ಶಾಲೆಗಳಿಗಾಗಿ ಹೆಣಗಿದ್ದರು. ಸಂಘ ಆ ಕೆಲಸಕ್ಕೆ ಒಂದು ಹೊರಗಿನ ಆಸರೆ ಆಯಿತು. ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು, 1896ರಿಂದ ‘ವಾಗ್ಭೂಷಣ’ ಪತ್ರಿಕೆ ನಡೆಸುವುದು. ಗಮನಿಸಿ, ಇವೆಲ್ಲ ಬೇರೆ ಯಾರದೋ ಕೈಗೆ ಸಾಮಾನು ಒದಗಿಸುವ ಕೆಲಸ. ಪಾಠ ಹೇಳುವವನು ಊರಲ್ಲಿರ್ತಾನೆ, ಸಂಘ ಅವನ ಹಿಂದೆ ಇರ್ತದೆ.

ಮುಂದೆ ಆಲೂರ ವೆಂಕಟರಾಯರಂಥವರ ಕಾಲಕ್ಕೆ ಗುರಿ ದೊಡ್ಡದಾಯಿತು, ಏಕೀಕರಣದ ಕಡೆ ಹೊರಳಿತು. 1956ರಲ್ಲಿ ಅದು ಕೈಗೂಡಿತು. ಸಂಘದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೆ ಗೆಲುವಿನ ಕತೆಯಾಗಿ ಹೇಳಿ, ಆಮೇಲೆ ಗೋಕಾಕ ಚಳವಳಿಗೆ ಜಿಗಿದುಬಿಡ್ತೀವಿ. ಆದರೆ ಜತ್ತ ಆಗ ಮುಂಬಯಿ ರಾಜ್ಯದಲ್ಲೇ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. 1967ರ ಮಹಾಜನ ವರದಿ ಕರ್ನಾಟಕಕ್ಕೆ ಕೊಡಬೇಕೆಂದ ಪ್ರದೇಶಗಳಲ್ಲಿ ಜತ್ತ, ಅಕ್ಕಲಕೋಟೆ ಭಾಗದ ಹಳ್ಳಿಗಳಿದ್ದವು. ವರದಿ ಜಾರಿಗೆ ಬರಲಿಲ್ಲ. ಅಂದರೆ 1890ರ ಧಾರವಾಡದ ಸ್ಥಿತಿ ಇವತ್ತಿಗೂ ಜತ್ತದಲ್ಲಿದೆ: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ.

ಒಂದು ವ್ಯತ್ಯಾಸ ಇದೆ, ಅದನ್ನ ಮುಚ್ಚಿಡಬಾರದು. ಅಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಮಾಡ್ತದೆ. ಸಮಸ್ಯೆ ಶಿಕ್ಷಕರದ್ದು. 2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದ್ದು ಎರಡೂ ರಾಜ್ಯಗಳಲ್ಲಿ ಸುದ್ದಿಯಾಗಿತ್ತು. ಪುಸ್ತಕ ಕನ್ನಡದ್ದು, ಓದಿಸುವವರಿಗೆ ಅಕ್ಷರ ಗೊತ್ತಿಲ್ಲ. ಇಂಥಲ್ಲಿ ಊರಿನ ಯಾರೋ ಒಬ್ಬರು, ನಿವೃತ್ತ ಮಾಸ್ತರರೋ ಭಜನಾ ಮಂಡಳಿಯ ಹುಡುಗರೋ, ಸಂಜೆ ಮಕ್ಕಳನ್ನ ಕೂರಿಸಿಕೊಳ್ತಾರೆ. ನಮ್ಮ ಚರ್ಚೆಯ ‘ಸ್ವಯಂಸೇವಕ ಸಮುದಾಯ’ ಅಂದ್ರೆ ಇವರೇ.

ಇವರಿಗೆ ಏನು ಬೇಕು? ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಅರ್ಹತೆಯ ಕಲಮು ಇದೆ. ಅದರಲ್ಲಿ ಜತ್ತ ತಾಲೂಕಿನ ಹೆಸರೂ ಇದೆ. ಆದರೆ ಮಾತೃಭಾಷೆಯ ದಾಖಲೆ, ಓದಿದ ವರ್ಷಗಳ ಪ್ರಮಾಣಪತ್ರ, ಕನ್ನಡ ಪರೀಕ್ಷೆ, ಇವನ್ನೆಲ್ಲ ಮರಾಠಿ ಕಚೇರಿಯಿಂದ ಹೊಂದಿಸಿ ತರಬೇಕು. ಹತ್ತನೇ ತರಗತಿಯಲ್ಲೇ ಇದನ್ನ ಹೇಳಿಕೊಡುವವರು ಬೇಕು. ಬೆಂಬಲ ಅಂದ್ರೆ ಇದು.

ಸಿಗೋದು ಏನು? ನಾನು ಕಂಡ ಒಂದು ಕಾರ್ಯಕ್ರಮ ಹೇಳ್ತೀನಿ, ಸಂಸ್ಥೆಯ ಹೆಸರು ಬೇಡ. ಪೆಂಡಾಲು, ಶಾಲು, ಹಾರ, ಗಡಿ ಕನ್ನಡದ ಬಗ್ಗೆ ನಾಲ್ಕು ಭಾಷಣ. ಸಂಜೆಪಾಠ ನಡೆಸುವ ಅಣ್ಣನಿಗೆ ಕುರ್ಚಿ ಹಾಕುವ ಕೆಲಸ ಬಂತು. ಊಟಕ್ಕೆ ಮಾತ್ರ ಎಲ್ಲರೂ ಒಂದೇ ಪಂಕ್ತಿ! ಅನುದಾನ ಕಾರ್ಯಕ್ರಮವನ್ನು ಎಣಿಸ್ತದೆ, ಅದನ್ನು ವರ್ಷವಿಡೀ ನಡೆಸಿಕೊಂಡು ಬರುವ ಮನುಷ್ಯನನ್ನು ಎಣಿಸೋದಿಲ್ಲ. 2010ರ ಕಾಯ್ದೆಯಿಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಹಣದ ದಾರಿಯೊಂದು ತೆರೆಯಿತು, ನಿಜ. ಹಣ ಕೊಡುವ ಪ್ರಾಧಿಕಾರ ಬಂದಾಗ, ಅದರ ಪಕ್ಕದಲ್ಲಿ ಸಂಘಗಳ ಕೆಲಸ ಏನಾಗಬೇಕು ಅನ್ನೋದನ್ನ ಯಾರೂ ಗಟ್ಟಿಯಾಗಿ ಕೇಳಲಿಲ್ಲ ಅಂತ ನನ್ನ ಅನಿಸಿಕೆ.

(ಪ್ರಶ್ನೆ: 2022ರಲ್ಲಿ ಆ ಹಳ್ಳಿಗಳು ಕರ್ನಾಟಕದ ಹೆಸರೆತ್ತಿದ್ದು ನೀರಿಗಾಗಿ ಅಲ್ವಾ, ಭಾಷೆಗಾಗಿ ಅಲ್ಲವಲ್ಲ?)

ಒಪ್ತೀನಿ ಮೇಡಂ, ನೀರೇ ಮೊದಲು. ಮ್ಹೈಸಾಳದ ನೀರಿಗೆ ಕಾದು ಕಾದು ಬೇಸತ್ತವರು ತುಬಚಿ-ಬಬಲೇಶ್ವರದ ಕಾಲುವೆ ಕಡೆ ನೋಡಿದರು. ನಾನು ಬರೆದ ಮೊದಲ ಕರಡಿನಲ್ಲಿ ಈ ಮಾತು ಇರಲೇ ಇಲ್ಲ, ಅದು ನನ್ನ ತಪ್ಪು. ಆದರೆ ಇದು ನನ್ನ ವಾದವನ್ನು ಬೀಳಿಸೋದಿಲ್ಲ. ದೂರದಲ್ಲಿ ಕೂತು ‘ಭಾಷಾಭಿಮಾನ’ ಅಂತ ಗುರಿ ಬರೆದುಕೊಂಡ ಸಂಸ್ಥೆಗೆ ಅವರ ನೀರಿನ ಮಾತು ಕೇಳಿಸಲೇ ಇಲ್ಲ ಅನ್ನೋದೇ ನನ್ನ ಟೀಕೆ.

(ಪ್ರಶ್ನೆ: ಹಾಗಾದ್ರೆ ಉದ್ದೇಶ ಬರೆಯೋರು ಯಾರು?)

ಕನ್ನಡ ಸಾಹಿತ್ಯ ಪರಿಷತ್ತಿಗೆ ಗಡಿನಾಡ ಘಟಕಗಳಿವೆ, ಅಧ್ಯಕ್ಷರನ್ನು ಚುನಾಯಿಸ್ತಾರೆ. ಅದು ಒಂದು ಬಾಗಿಲು, ಆದರೆ ಸದಸ್ಯತ್ವದ ಬಾಗಿಲು. ಸಂಜೆಪಾಠದ ಅಣ್ಣ ಸದಸ್ಯನೇ ಅಲ್ಲ. ನಾನು ಕೇಳೋದು ಸಣ್ಣದು ಸರ್: ಉದ್ದೇಶದ ಬಗ್ಗೆ ಸಭೆ ಮಾಡೋದಾದ್ರೆ ಒಂದು ಸಲ ಧಾರವಾಡ, ಬೆಂಗಳೂರು ಬಿಟ್ಟು ಜತ್ತದಾಗ ಮಾಡ್ರಿ. ಬೇಸಿಗೆ ರಜೆಯೊಳಗ ಬೇಡ, ಆಗ ನೀರಿನ ಟ್ಯಾಂಕರ್ ಹಿಂದ ಇರ್ತಾರ. ಸುಗ್ಗಿ ಮುಗಿದ ಮ್ಯಾಲ, ಶಾಲಿ ನಡದಾಗ.