ಮುದಗಲ್ಲಿನ ಅಕ್ಕಸಾಲೆಯ ಮಗಳು ಮತ್ತು ಬಂಕಾಪುರದ ಬಳುವಳಿ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಗೆ ವಾಯವ್ಯದ ಬಾಗಿಲಿನಂತಿರುವ ಬಂಕಾಪುರವು ಗುಣಭದ್ರಾಚಾರ್ಯರ ಉತ್ತರಪುರಾಣದ ಸಂಬಂಧದಿಂದ ಸಾಹಿತ್ಯಾಭ್ಯಾಸಿಗಳಿಗೆ ಸುಪರಿಚಿತವಾದುದು. ಅದೇ ಊರು ಗಡಿನಾಡಿನ ಒಂದು ಅಪಹರಣಕಥೆಯಲ್ಲಿ ಬಳುವಳಿಯಾಗಿ ಬರುತ್ತದೆ. ಬಿಜಾಪುರದ ಆಸ್ಥಾನದಲ್ಲಿದ್ದ ಫಿರಿಸ್ತನು 17ನೆಯ ಶತಮಾನದ ಆದಿಯಲ್ಲಿ, ಎಂದರೆ ಸಂಗತಿ ನಡೆದ ಇನ್ನೂರು ವರ್ಷಗಳ ತರುವಾಯ, ಬರೆದ ಈ ವೃತ್ತಾಂತವನ್ನು ಚರಿತ್ರೆಯೆಂದು ತೂಗಿ ನೋಡಿದವರುಂಟು. ಕಥೆಯೆಂದು ಓದುವುದೂ ಅವಶ್ಯಕ.

ಕಾಶಿಯಿಂದ ಮರಳಿದ ಬ್ರಾಹ್ಮಣನೊಬ್ಬನು ಮುದಗಲ್ಲಿನಲ್ಲಿ ಪೆರ್ತಾಲ್ ಎಂಬ ಅಕ್ಕಸಾಲೆಯ ಮಗಳಿಗೆ ಸಂಗೀತವನ್ನು ಕಲಿಸಿ, ಆಕೆಯ ಚೆಲುವನ್ನು ವಿಜಯನಗರದಲ್ಲಿ ವರ್ಣಿಸುತ್ತಾನೆ. ಒಂದನೆಯ ದೇವರಾಯನು ಕಳುಹಿಸಿದ ಉಡುಗೊರೆಯನ್ನು ಆಕೆ ನಿರಾಕರಿಸುತ್ತಾಳೆ. ರಾಣಿವಾಸವನ್ನು ಹೊಕ್ಕವಳು ಹೆತ್ತವರನ್ನು ಮರಳಿ ಕಾಣಲಾರಳೆಂಬುದು ಆಕೆ ಕೊಡುವ ಕಾರಣ. ಮುಸಲ್ಮಾನ ರಾಜಪುತ್ರನ ಪತ್ನಿಯಾಗುವೆನೆಂಬುದು ಒಳಗಿನ ನಂಬಿಕೆ. 1406ರಲ್ಲಿ ರಾಯನ ಐದು ಸಾವಿರ ಕುದುರೆ ಸವಾರರು ಗಡಿಯನ್ನು ದಾಟುವಷ್ಟರಲ್ಲಿ ಆಕೆಯ ಮನೆಯವರು ಓಡಿಹೋಗಿರುತ್ತಾರೆ. ಯುದ್ಧದಲ್ಲಿ ಗೆದ್ದ ಫಿರೋಜಶಹಾ ಬಹಮನಿಯು ರಾಯನ ಮಗಳನ್ನು ತಾನು ವರಿಸಿ, ಪೆರ್ತಾಲಳನ್ನು ಮಗನಾದ ಹಸನಖಾನನಿಗೆ ಕೊಡುತ್ತಾನೆ.

ಆ ಒಳನಂಬಿಕೆಯು ಗ್ರಂಥಕರ್ತನಿಗೆ ಎಷ್ಟು ಅನುಕೂಲವಾದುದೆಂಬುದನ್ನು ಹೇಳಬೇಕಾಗಿಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ನೆಲಕ್ಕಾಗಿ ತಲೆಮಾರುಗಳಿಂದ ನಡೆದ ಹೋರಾಟವು ಇಲ್ಲಿ ಒಬ್ಬ ರಾಯನ ಚಾಪಲ್ಯವಾಗಿ ಕುಗ್ಗಿದೆ. ಸುಲ್ತಾನನ ದಂಡಯಾತ್ರೆಯು ಕನ್ಯಾರಕ್ಷಣೆಯಾಗಿ ಹಿಗ್ಗಿದೆ. ಆದರೂ ಹೆತ್ತವರನ್ನಗಲಲಾರೆನೆಂಬ ಮಾತು ಪಕ್ಷಪಾತದ ಲೇಖಣಿಯಿಂದ ಬಂದುದಾದರೂ ಜೀವವುಳ್ಳದ್ದು. ಇಡೀ ವೃತ್ತಾಂತದಲ್ಲಿ ಮನುಷ್ಯಸಹಜವಾದ ನುಡಿ ಅದೊಂದೇ.

ಅಮೇರಿಕದ ಪಶ್ಚಿಮದ ಗಡಿನಾಡು ಹುಟ್ಟಿಸಿದ 'ವೆಸ್ಟರ್ನ್' ಕಥೆಗಳಲ್ಲಿಯೂ ಇದೇ ಬಗೆಯ ಜಾಣ್ಮೆಯುಂಟು. ಅಲನ್ ಲೆಮೇಯ 1954ರ ಕಾದಂಬರಿ 'ದಿ ಸರ್ಚರ್ಸ್', ಅದರಿಂದ ಜಾನ್ ಫೋರ್ಡನು 1956ರಲ್ಲಿ ತೆಗೆದ ಚಿತ್ರ, ಇವೆರಡರಲ್ಲಿಯೂ ಕೋಮಾಂಚಿಗಳು ಒಯ್ದ ಹುಡುಗಿಗಿಂತ ಆಕೆಯನ್ನು ಅರಸಿ ಹೊರಟವರದೇ ಕಥೆ. ನಿಜಸಂಗತಿ ಇನ್ನೂ ತೊಡಕಿನದು. 1836ರಲ್ಲಿ ಅಪಹೃತಳಾದ ಸಿಂಥಿಯಾ ಆನ್ ಪಾರ್ಕರಳು ಕೋಮಾಂಚಿಯವನ ಹೆಂಡತಿಯಾಗಿ, ಮಕ್ಕಳ ತಾಯಾಗಿದ್ದಳು. 1860ರಲ್ಲಿ ಬಿಳಿಯರು ಆಕೆಯನ್ನು 'ಬಿಡಿಸಿ' ತಂದಾಗ ಮರಳಿ ಓಡಿಹೋಗಲು ಯತ್ನಿಸಿದಳು. ಆಕೆಯ ಮಟ್ಟಿಗೆ ಅಪಹರಣವು ಎರಡು ಸಲ ನಡೆಯಿತು.

ಈ ದೃಷ್ಟಿಯಿಂದ ಫಿರಿಸ್ತನ ಸಂಧಿಪ್ರಕರಣವನ್ನು ಓದಬೇಕು. ಯಾರನ್ನು ಸವಾರರು ಹಿಡಿಯಲಾರದೆ ಹೋದರೋ ಆಕೆಗೆ ಹೆಸರು, ವಿದ್ಯೆ, ಮಾತು ಎಲ್ಲವೂ ಉಂಟು. ನಿಜವಾಗಿ ಗಡಿಯಾಚೆಗೆ ಸಾಗಿಸಲ್ಪಟ್ಟ ರಾಯನ ಮಗಳಿಗೆ ಹೆಸರಿಲ್ಲ. ಆಕೆಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಹಣ, ಮುತ್ತು, ಐವತ್ತು ಆನೆಗಳು, ಎರಡು ಸಾವಿರ ಮಂದಿ ದಾಸದಾಸಿಯರು, ಬಂಕಾಪುರದ ಕೋಟೆ, ಇವುಗಳ ಸಾಲಿನಲ್ಲಿಯೇ ಆಕೆ ನಿಲ್ಲುತ್ತಾಳೆ. ಮದುವೆಯ ವೈಭವವನ್ನು ವಿಸ್ತರಿಸಿ ಹೇಳುವ ಕಥನವು ಆ ಎರಡು ಸಾವಿರ ಮಂದಿಯನ್ನು ಒಂದು ಅಂಕೆಯಲ್ಲಿ ಮುಗಿಸಿಬಿಡುತ್ತದೆ.