ಮಸ್ಕಿಯ ಅಶೋಕಶಾಸನದಲ್ಲಿ ಅನುತಾಪವೂ ಪ್ರಕ್ರಮವೂ

ರಾಯಚೂರು ಜಿಲ್ಲೆಯಲ್ಲಿ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿರುವ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಲಘುಶಾಸನವೊಂದಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಬಹುಕಾಲ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. 1915ರಲ್ಲಿ ಚಿನ್ನದ ನೆಲೆಗಳನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನು ಇದನ್ನು ಕಂಡನು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಇದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಇದ್ದುವು. ಸಿಂಹಳದ ವಂಶಕಥೆಯ ಆಧಾರದಿಂದ 1837ರಲ್ಲಿ ಟರ್ನರನು ಮಾಡಿದ ಊಹೆಯನ್ನು ಮಸ್ಕಿಯ ಬಂಡೆಯು 'ಅಶೋಕ'ನೆಂಬ ಹೆಸರನ್ನೇ ಹೇಳಿ ನಿಶ್ಚಯಗೊಳಿಸಿತು. ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತದ್ದು ತರುವಾಯದ ಮಾತು.

ಈ ಕೀರ್ತಿಯೇ ಶಾಸನಕ್ಕೆ ಒಂದು ಬಗೆಯ ಅನ್ಯಾಯವನ್ನೂ ಮಾಡಿದೆ. ಹೆಸರನ್ನು ಕಂಡವರು ಅಲ್ಲಿಗೇ ತೃಪ್ತರಾಗಿ, ಹೆಸರಿನವನು ಏನು ಹೇಳಿದನೆಂಬುದನ್ನು ವಿಚಾರಿಸದೆ ಹಿಂದಿರುಗುತ್ತಾರೆ. ಅವನು ಹೇಳಿದ್ದಾದರೋ ರಾಜಶಾಸನಗಳಲ್ಲಿ ತೀರ ಅಪೂರ್ವವಾದದ್ದು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೀರಿತು. ಆದರೆ ಅದರಲ್ಲಿ ಒಂದು ವರ್ಷ ತಾನು ಚೆನ್ನಾಗಿ ಪ್ರಯತ್ನಿಸಲಿಲ್ಲ. ಸಂಘವನ್ನು ಸಮೀಪಿಸಿದ ಮೇಲೆ, ವರ್ಷಕ್ಕೂ ಮಿಗಿಲಾದ ಕಾಲದಿಂದ, ದೃಢವಾಗಿ ಪ್ರಯತ್ನಿಸುತ್ತಿದ್ದಾನೆ. ಈ ಮೂರು ಮಾತುಗಳಲ್ಲಿ ನಡುವಣದು ಮಸ್ಕಿಯಲ್ಲಿ ಉಳಿದಿರುವ ಪಾಠದಲ್ಲಿ ಕಾಣದು; ಅಲ್ಲಿ ಅಕ್ಷರಗಳು ತ್ರುಟಿತವಾಗಿವೆ. 1892ರಲ್ಲಿ ರೈಸರು ಕಂಡ ಬ್ರಹ್ಮಗಿರಿಯ ಪಾಠದಲ್ಲಿ ಅದು ಸ್ಪಷ್ಟವಾಗಿದೆ. ಹೆಸರುಳ್ಳ ಬಂಡೆಯಲ್ಲಿ ತಪ್ಪೊಪ್ಪಿಗೆ ಕಾಣದು, ತಪ್ಪೊಪ್ಪಿಗೆಯುಳ್ಳ ಬಂಡೆಯಲ್ಲಿ ಹೆಸರಿಲ್ಲ! ಆದಕಾರಣ ಮಸ್ಕಿಯನ್ನು ಬ್ರಹ್ಮಗಿರಿಯ ಜೊತೆಗಿಟ್ಟು ಓದದವರಿಗೆ ಶಾಸನದ ಅರ್ಧವೇ ದಕ್ಕುವುದು.

ಆ ತಪ್ಪೊಪ್ಪಿಗೆಯ ಶಬ್ದವನ್ನು ಪರಿಶೀಲಿಸಬೇಕು. ಅನುತಾಪ, ಪಾಪ, ಕ್ಷಮೆ ಇವಾವುವೂ ಅಲ್ಲಿಲ್ಲ. ಬ್ರಹ್ಮಗಿರಿಯ ಪಾಠದಲ್ಲಿರುವುದು 'ಪ್ರಕ್ರಮ'ಕ್ಕೆ ಸಲ್ಲುವ ಪ್ರಾಕೃತರೂಪ. ಸಹಸ್ರಾಮದ ಪಾಠದಲ್ಲಿ 'ಪರಾಕ್ರಮ'ಕ್ಕೆ ಹೊಂದುವ ರೂಪವುಂಟು. ಕ್ರಮಧಾತುವಿಗೆ ಹೆಜ್ಜೆಯಿಡುವುದೆಂದು ಅರ್ಥ. ರಾಜರಿಗೆ ಈ ಶಬ್ದ ಹೊಸದಲ್ಲ, ಅದು ರಣರಂಗದ ಶಬ್ದ. ಅದನ್ನೇ ಧರ್ಮಾಚರಣೆಗೆ ತಿರುಗಿಸಿ, ಆ ಧರ್ಮದಲ್ಲಿ ತಾನು ಒಂದು ವರ್ಷ ಹೆಜ್ಜೆಯನ್ನೇ ಮುಂದಿಡಲಿಲ್ಲವೆಂದು ಚಕ್ರವರ್ತಿಯು ಹೇಳುತ್ತಾನೆ.

ಕಲಿಂಗಯುದ್ಧದ ಪಶ್ಚಾತ್ತಾಪವೇ ಮಸ್ಕಿಯಲ್ಲಿ ಕೆತ್ತಲ್ಪಟ್ಟಿದೆಯೆಂದು ಬೋಧಿಸುವವರುಂಟು. ಇದು ಶಾಸನವನ್ನು ಓದದೆ ಹೇಳುವ ಮಾತು. ದಕ್ಷಿಣದ ಲಘುಶಾಸನಗಳಲ್ಲಿ ಕಲಿಂಗದ ಹೆಸರೇ ಇಲ್ಲ. ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು ಎಂಬ ಲೆಕ್ಕವೂ, 'ಅನುಶಯ', 'ಅನುಶೋಚನ' ಎಂಬ ಶಬ್ದಗಳೂ ಹದಿಮೂರನೆಯ ಬೃಹಚ್ಛಾಸನದವು. ಅದನ್ನು ನೋಡಬೇಕಾದರೆ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಕಲಿಂಗದ ಧೌಲಿ, ಜೌಗಡಗಳಲ್ಲಿಯೂ ಆ ಶಾಸನವಿಲ್ಲ, ಬೇರೆ ಎರಡು ಶಾಸನಗಳಿವೆ. ಗೆದ್ದ ನಾಡಿನ ಜನರ ಮುಂದೆ ತನ್ನ ದುಃಖವನ್ನು ದೊರೆ ತೋಡಿಕೊಳ್ಳಲಿಲ್ಲವೆಂಬುದನ್ನು ಅವನನ್ನು ಬಾಯ್ತುಂಬ ಹೊಗಳುವವರು ನೆನೆಯುವುದು ಮೇಲು. ಹದಿಮೂರನೆಯ ಶಾಸನದಲ್ಲಿ ಕ್ಷಮೆಯ ಮಾತೂ ಉಂಟು. ಆದರೆ ಅದು ಅಪಕಾರಮಾಡಿದವರನ್ನು ಸಾಧ್ಯವಾದಷ್ಟು ರಾಜನು ಕ್ಷಮಿಸುವನೆಂಬ ಆಶ್ವಾಸನೆ. ರಾಜನನ್ನು ಕ್ಷಮಿಸುವವರು ಯಾರೆಂಬ ಪ್ರಶ್ನೆಯು ಯಾವ ಬಂಡೆಯ ಮೇಲೂ ಏಳುವುದಿಲ್ಲ.

ಇಲ್ಲಿ ಕ್ರೈಸ್ತಗ್ರಂಥದ ಒಂದು ಪ್ರಸಂಗವು ಹೋಲಿಕೆಗೆ ಒದಗುತ್ತದೆ. ಕೋಳಿ ಕೂಗುವುದಕ್ಕೆ ಮುನ್ನ ಮೂರು ಸಾರಿ ಗುರುವನ್ನು ಅರಿಯೆನೆಂದ ಪೇತ್ರನನ್ನು, ಯೋಹಾನನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ, ಸರೋವರದ ದಡದಲ್ಲಿ ಯೇಸುವು ತನ್ನಲ್ಲಿ ಪ್ರೀತಿಯುಂಟೇ ಎಂದು ಮೂರು ಸಾರಿ ಕೇಳುತ್ತಾನೆ. ಉತ್ತರ ಬಂದಾಗಲೆಲ್ಲ ಕುರಿಗಳನ್ನು ಕಾಯುವ ಕೆಲಸವನ್ನು ಒಪ್ಪಿಸುತ್ತಾನೆ. ಕ್ಷಮಿಸಿದೆನೆಂಬ ಮಾತು ಅಲ್ಲಿ ಬರುವುದೇ ಇಲ್ಲ. ಒಪ್ಪಿಸಿದ ಕೆಲಸವೇ ಕ್ಷಮೆಯ ಸ್ಥಾನದಲ್ಲಿ ನಿಂತಿದೆ. ಕನ್ನಡ ಬೈಬಲಿನ ಅನುವಾದಗಳಲ್ಲಿ ಕಾಣುವ 'ಮಾನಸಾಂತರ'ವೆಂಬ ಶಬ್ದವು ಈ ಸಂದರ್ಭಕ್ಕೆ 'ಪಶ್ಚಾತ್ತಾಪ'ಕ್ಕಿಂತ ಒಪ್ಪುವಂಥದು. ಪಶ್ಚಾತ್ತಾಪವು ಹಿಂದಿನದನ್ನು ನೆನೆದು ಬೇಯುವುದು. ಮಾನಸಾಂತರವು ಮನಸ್ಸು ಬೇರೆಯಾಗಿ ಮುಂದಕ್ಕೆ ತಿರುಗುವುದು. ಅಶೋಕನ ಪ್ರಕ್ರಮವೂ ಮುಂದಿನದೇ.

ಆದರೆ ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯಲಾಗದು. ಪೇತ್ರನಿಗೆ ಎದುರಿನಲ್ಲಿ ಕೇಳುವವನಿದ್ದಾನೆ. ಅಗಸ್ತೀನನ ಆತ್ಮನಿವೇದನೆಯೂ ದೇವರನ್ನೇ ಸಂಬೋಧಿಸಿ ನಡೆಯುತ್ತದೆ. ಅಶೋಕನು ಸಂಘದ ಬಳಿಗೆ ಹೋದನು. ಸಂಘವು ಅವನಿಗೆ ಏನೆಂದಿತೆಂಬುದನ್ನು ಬರೆಯಿಸಲಿಲ್ಲ. ಒಬ್ಬನ ಕರ್ಮವನ್ನು ಮತ್ತೊಬ್ಬನು ಅಳಿಸಲಾರನೆಂಬ ಮತದಲ್ಲಿ ಕ್ಷಮೆಯನ್ನು ಬೇಡುವುದಕ್ಕೆ ಎಡೆಯೂ ಇಲ್ಲ. ಉಳಿಯುವುದು ಪ್ರಯತ್ನವೊಂದೇ. ಇದು ಕ್ರೈಸ್ತಮಾರ್ಗಕ್ಕಿಂತ ಒಣಗಿದ ಮಾರ್ಗವೆಂದು ಯಾರಾದರೂ ಆಕ್ಷೇಪಿಸಿದರೆ, ಆ ಆಕ್ಷೇಪವು ನಿರಾಧಾರವೆನ್ನಲಾಗದು.

ದೇವತೆಗಳು ಮನುಷ್ಯರೊಡನೆ ಬೆರೆತರೆಂಬ ನಡುವಣ ವಾಕ್ಯದ ಅರ್ಥದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಪ್ರಕೃತಕ್ಕೆ ಅದು ಬೇಕಾಗಿಯೂ ಇಲ್ಲ. ಮುಖ್ಯವಾದದ್ದು ಅದರ ಮುಂದಿನದು: ಧರ್ಮದಲ್ಲಿ ತೊಡಗಿದ ಅಲ್ಪನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವರಿಗೇ ಇದು ಮೀಸಲೆಂದು ತಿಳಿಯಬಾರದು. ಈ ಮಾತನ್ನು ಎಂದೂ ಎಡವದ ದೊರೆ ಹೇಳಿದ್ದರೆ ಬರಿಯ ಉಪದೇಶವಾಗುತ್ತಿತ್ತು. ಒಂದು ವರ್ಷವನ್ನು ಆಲಸ್ಯದಲ್ಲಿ ಕಳೆದವನು ಹೇಳಿದುದರಿಂದಲೇ ಅದಕ್ಕೆ ತೂಕ ಬಂದಿದೆ. ಕಡೆಗೆ ಈ ಕಾರ್ಯವು ಬಹುಕಾಲ ನಿಂತು ಒಂದೂವರೆ ಪಾಲು ಬೆಳೆಯುವುದೆನ್ನುತ್ತಾನೆ. ಕವಿಯಾಗಿದ್ದರೆ ನೂರ್ಮಡಿ ಸಾಸಿರ್ಮಡಿ ಎಂದುಬಿಡುತ್ತಿದ್ದನು. ಈ ದೊರೆ ಇಮ್ಮಡಿಯನ್ನೂ ಹೇಳದೆ ಒಂದೂವರೆಗೇ ನಿಲ್ಲಿಸಿದ್ದಾನೆ.