ಚಿತ್ರಕಥೆಗಳಲ್ಲಿ ವರ್ಣೌಚಿತ್ಯ

ಭರತಮುನಿಯು ನಾಟ್ಯಶಾಸ್ತ್ರದ 6ನೆಯ ಅಧ್ಯಾಯದಲ್ಲಿ ಶೃಂಗಾರಕ್ಕೆ ಶ್ಯಾಮ, ರೌದ್ರಕ್ಕೆ ರಕ್ತ, ಅದ್ಭುತಕ್ಕೆ ಪೀತ ಎಂದು ಮುಂತಾಗಿ ರಸಗಳಿಗೆ ವರ್ಣಗಳನ್ನು ಹೇಳಿರುವನು. ಕಾರ್ಕಳದ ಅನಂತ ಪೈಯವರು 1967ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಮೊದಮೊದಲಿನ ಸಂಚಿಕೆಗಳಲ್ಲಿ ವೆಚ್ಚದ ಮಿತಿಯಿಂದ ಚಿತ್ರಗಳಿಗೆ ಹಳದಿ, ನೀಲಿ, ಹಸುರುಗಳು ಮಾತ್ರ ದೊರೆತುವು. ಕೆಂಪಿಲ್ಲದೆ ರೌದ್ರದ ಭಾರವನ್ನು ರೇಖೆಯೂ ಭಂಗಿಯೂ ಹೊತ್ತುವು. ಬಳಿಕ ಎಲ್ಲ ಬಣ್ಣಗಳೂ ಒದಗಿದಾಗ ವರ್ಣವು ರಸಪೋಷಣೆಗಿಂತ ಪಾತ್ರಪರಿಚಯಕ್ಕೇ ಹೆಚ್ಚಾಗಿ ವಿನಿಯುಕ್ತವಾಯಿತು: ನೀಲಿಯಿಂದ ಕೃಷ್ಣನು ಚೌಕಚೌಕದಲ್ಲಿಯೂ ಗುರುತಾಗುವನು. ಇದು ಯುಕ್ತವೇ. ಆದರೆ ಅಸುರರ ಮೈಗಪ್ಪು ದೌಷ್ಟ್ಯದ ಕುರುಹಾಗಿ ರೂಢವಾದುದು ಚಿಂತ್ಯ. ರಾಕ್ಷಸರಿಗೆ ಅಸಿತವರ್ಣವನ್ನು ಭರತನೂ ವಿಧಿಸಿರುವನು, ದಿಟ. ಜಲಕ್ಕೂ ಆಕಾಶಕ್ಕೂ ಅದನ್ನೇ, ನಾರಾಯಣನಿಗೆ ಶ್ಯಾಮವನ್ನೂ ವಿಧಿಸಿರುವನು. ಶಾಸ್ತ್ರದಲ್ಲಿ ಕಪ್ಪು ದೋಷವಲ್ಲ. ಎಳೆಯರ ಕೈಗೆ ಹೋಗುವ ಪುಸ್ತಕದಲ್ಲಿ ಅದನ್ನು ದೋಷವಾಗಿಸುವುದು ಅನೌಚಿತ್ಯವೇ ಸರಿ.